ನೀರಿಗೆ ಹೆದರುವ ಗಂಡ

ಥರ್ಸೊ, ಕೇತ್‌ನೆಸ್
9 ಸೆಪ್ಟೆಂಬರ್ 1957

ಪ್ರೀತಿಯ ದೊಡ್ಡಮ್ಮ,

ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಪಕ್ಕದಲ್ಲಿರುವ ಲಯೊನಲ್‌ಗೆ ದಿನಾ ಹೇಳಿ ಹೇಳಿ ಅವನು ಈಗ “ಗೊತ್ತಾಯ್ತು ಹೆಸ್ಟರ್, ಟೋಸ್ಟ್ ಸೀಯ್ತಾ ಇದೆ” ಅನ್ನುತ್ತಾನೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮಗೆ ಬ್ರೆಮ್ನರ್ ದಂಪತಿಗಳ ಮನೆಯ ಹಿಂಭಾಗದ ಒಂದು ಕೋಣೆ ಸಿಕ್ಕಿದೆ. ಹೆಂಡತಿ ಡೇವಿನಾ ನನ್ನನ್ನು ತನ್ನ ಸ್ವಂತ ತಂಗಿಯ ಹಾಗೆ ಬೈಯುತ್ತಾಳೆ. ಗಂಡ ಮ್ಯಾಗ್ನಸ್ ಮೊದಲು ಹೆರಿಂಗ್ ಮೀನಿನ ದೋಣಿಯಲ್ಲಿದ್ದವನು, ಈಗ ಲಯೊನಲ್‌ನ ಕೈಕೆಳಗೆ ಕೊಳವೆ ಜೋಡಿಸುವವರ ಮೇಸ್ತ್ರಿ. ಬ್ರಿಟನ್ನಿನ ಉತ್ತರ ತುದಿಯ ಈ ಊರಿನವರು ಅಣುಸ್ಥಾವರದ ಕೆಲಸಕ್ಕೆ ದಕ್ಷಿಣದಿಂದ ಬಂದ ನಮ್ಮನ್ನೆಲ್ಲ ‘ಅಟಾಮಿಕ್’ ಅನ್ನುತ್ತಾರೆ. ಮೀನಿನ ಅಂಗಡಿಯಲ್ಲಿ “ಆ ಅಟಾಮಿಕ್ ಹುಡುಗಿಗೆ ಎರಡು ಹ್ಯಾಡಕ್ ಕೊಡು” ಅಂದಾಗ ನನಗೆ ರಾಣಿಯ ಪಟ್ಟ ಸಿಕ್ಕಷ್ಟು ಹೆಮ್ಮೆಯಾಯಿತು.

ಲಯೊನಲ್ ಏನು ಕೆಲಸ ಮಾಡುತ್ತಾನೆಂದು ಮಾತ್ರ ಹೇಳುವಂತಿಲ್ಲ. ಅವನು ಕಾಗದಕ್ಕೆ ಸಹಿ ಹಾಕಿದ್ದಾನೆ, ನನಗೂ ಹೇಳುವುದಿಲ್ಲ. ಎಲ್ಲರಿಗೂ ಕಾಣುವಂಥದ್ದನ್ನು ಬರೆಯಬಹುದು: ಸಮುದ್ರದ ದಡದಲ್ಲಿ ಚರ್ಚಿಗಿಂತ ಎತ್ತರದ ಒಂದು ಉಕ್ಕಿನ ಗುಂಡು ಏಳುತ್ತಿದೆ, ಅದರೊಳಗೆ ರಿಯಾಕ್ಟರ್ ಬರುತ್ತದೆ. ಅದಕ್ಕೂ ಮೊದಲು ಪರೀಕ್ಷೆಗೆಂದು ಪಕ್ಕದ ಶೆಡ್ಡಿನಲ್ಲಿ ಕೊಳವೆಗಳ ಒಂದು ಸುತ್ತು ಕಟ್ಟುತ್ತಿದ್ದಾರೆ, ಅದು ನನ್ನ ಲಯೊನಲ್‌ನದು. ಕ್ರಿಸ್‌ಮಸ್ ಒಳಗೆ ಆ ಸುತ್ತು ಸೋರದೆ ಓಡಿದರೆ ಅವನ ಕೆಲಸ ಕಾಯಂ, ಹೊಸ ಬೀದಿಯಲ್ಲಿ ನಮಗೊಂದು ಮನೆ. ಮೂರು ಕೋಣೆ, ಮಹಡಿಯಲ್ಲಿ ಸ್ನಾನದ ತೊಟ್ಟಿ, ಅಡುಗೆಮನೆಯ ಕಿಟಕಿಯಿಂದ ಆರ್ಕ್ನಿ ದ್ವೀಪಗಳು. ನಾನು ಆ ಖಾಲಿ ಮನೆಯ ಮುಂದೆ ದಿನಾ ಹಾದುಹೋಗುತ್ತೇನೆ, ಪರದೆಯ ಬಣ್ಣವನ್ನೂ ಗೊತ್ತುಮಾಡಿದ್ದೇನೆ. ಸೋರಿದರೆ ಲಯೊನಲ್ ವಾಪಸು ವಾರಿಂಗ್‌ಟನ್ನಿನ ನಕ್ಷೆ ಕಚೇರಿಗೆ, ನಾವಿಬ್ಬರೂ ನಿಮ್ಮ ಮಹಡಿಯ ಕೋಣೆಗೆ. ಅದೂ ಚೆನ್ನಾಗಿಯೇ ಇರುತ್ತದೆ, ದೊಡ್ಡಮ್ಮ. ಆದರೆ ಆ ಕಿಟಕಿ! ಎಲ್ಲ ಮೇಲಧಿಕಾರಿ ಮಿಸ್ಟರ್ ಗಾರ್ಸೈಡ್ ಅವರ ಕೈಯಲ್ಲಿದೆ.

ಲಯೊನಲ್‌ನ ಅಭ್ಯಾಸಗಳು ಎಷ್ಟು ಮುದ್ದು ಅಂತೀರಿ. ಕೆಲಸದಲ್ಲಿರುವಾಗ ಟೀ ಮುಟ್ಟುವುದಿಲ್ಲ, ಫ್ಲಾಸ್ಕ್ ಕೊಟ್ಟರೆ ಬಾಂಬು ಕೊಟ್ಟ ಹಾಗೆ ಮುಖ ಮಾಡುತ್ತಾನೆ. ಮನೆಗೆ ಬಂದು ಉರಿಸುವ ಪೀಟ್ ಮಣ್ಣಿನ ಹೆಂಟೆ ಕೂಡಿಡುವ ಶೆಡ್ಡಿನಲ್ಲಿ ಕೆಲಸದ ಬಟ್ಟೆ ಕಳಚಿ, ಬ್ರಷ್‌ನಿಂದ ಉಜ್ಜಿ, ಆಮೇಲೆ ಒಳಗೆ ಬರುತ್ತಾನೆ. ಆ ಬಟ್ಟೆಯನ್ನು ಒಗೆಯಲು ನನಗೆ ಕೊಡುವುದೇ ಇಲ್ಲ. ನಿನ್ನೆ ಪಾತ್ರೆ ತೊಳೆದ ಕೈಯಲ್ಲೇ ಅವನ ಕೆನ್ನೆ ಹಿಡಿದೆ. ಪಾಪ, ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಆಮೇಲೆ ನಾಚಿಕೊಂಡು ನಕ್ಕ.

ನಿಮ್ಮ ಅತಿ ಸುಖಿ,
ಹೆಸ್ಟರ್


ವಾರಿಂಗ್‌ಟನ್
14 ಸೆಪ್ಟೆಂಬರ್ 1957

ಹೆಸ್ಟರ್,

ಪತ್ರ ತಲುಪಿತು. ಒಂದೇ ಪುಟದಲ್ಲಿ ಇಷ್ಟು ಸುಖ ತುಂಬಿದ ಹುಡುಗಿ ನನ್ನ ತರಗತಿಯಲ್ಲಿ ಇದ್ದಿದ್ದರೆ ಮತ್ತೊಮ್ಮೆ ಬರೆಸುತ್ತಿದ್ದೆ. ಶಾಲೆಯಿಂದ ನಿವೃತ್ತಿಯಾದ ಮೇಲೂ ಕೆಂಪು ಶಾಯಿಯ ಪೆನ್ನು ಕೈಗೆ ಬರುತ್ತದೆ.

ಟೀ ಕುಡಿಯದ ಗಂಡಸರನ್ನು ನನ್ನ ಆಯುಷ್ಯದಲ್ಲಿ ಇಬ್ಬರನ್ನು ಕಂಡಿದ್ದೇನೆ. ಒಬ್ಬ ಪಾದ್ರಿಯಾಗಿ ಆಫ್ರಿಕಾಕ್ಕೆ ಹೋದ. ಇನ್ನೊಬ್ಬ ಚರ್ಚಿನ ಹುಂಡಿಯ ಸಮೇತ ಐಲ್ ಆಫ್ ಮ್ಯಾನ್‌ಗೆ ಹೋದ. ನಿನ್ನ ಗಂಡನನ್ನು ಯಾವ ಸಾಲಿಗೆ ಸೇರಿಸಬೇಕೋ ಇನ್ನೂ ತೀರ್ಮಾನಿಸಿಲ್ಲ.

ಹೆಂಡತಿಯ ಒದ್ದೆ ಕೈ ಕಂಡು ಹಿಂದಕ್ಕೆ ಹಾರುವುದು ಮುದ್ದು ಅಲ್ಲ. ಅವನು ಸ್ನಾನ ಮಾಡುತ್ತಾನೆಯೇ? ಮಾಡಿದರೆ ಯಾವಾಗ? ಹೆಂಡತಿ ಒಗೆಯಬಾರದ ಬಟ್ಟೆಯ ಮೇಲೆ ಏನಿರುತ್ತದೆ? ಸುತ್ತುಬಳಸದೆ ಉತ್ತರ ಕೊಡು.

ಮಹಡಿಯ ಕೋಣೆಗೆ ಹೊಸ ಗೋಡೆಕಾಗದ ಅಂಟಿಸಿದ್ದಾಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಳೆಯದು ಮಾಸಿತ್ತು.

ಯೂನಿಸ್ ಎಂಟ್‌ವಿಸಲ್


ಥರ್ಸೊ
24 ಸೆಪ್ಟೆಂಬರ್ 1957

ಪ್ರೀತಿಯ ದೊಡ್ಡಮ್ಮ,

ಖಂಡಿತ ಸ್ನಾನ ಮಾಡುತ್ತಾನೆ, ಭಾನುವಾರ. ಆಮೇಲೆ ಬೆಂಕಿಯ ಮುಂದೆ ನಿಂತು, ಹಿಂದೆ ಮುಂದೆ ತಿರುಗಿ, ಬೆರಳುಗಳ ಸಂದಿಗೆಲ್ಲ ಟಾಲ್ಕಂ ಪೌಡರ್ ಹಾಕಿಕೊಳ್ಳುತ್ತಾನೆ. ಎಣ್ಣೆಬಟ್ಟೆಯ ಕೋಟು, ಎಣ್ಣೆಬಟ್ಟೆಯ ಟೋಪಿ, ಅದರ ಮೇಲೆ ಛತ್ರಿ. ಇಡೀ ಥರ್ಸೊದಲ್ಲಿ ಛತ್ರಿ ಹಿಡಿಯುವವನು ಅವನೊಬ್ಬನೇ. ಇಲ್ಲಿಯ ಗಾಳಿ ಆಗಲೇ ಎರಡನ್ನು ಒಯ್ದಿದೆ.

ಆದರೆ ದೊಡ್ಡಮ್ಮ, ಸ್ವಲ್ಪ ತೊಂದರೆಯಾಗಿದೆ. ಲಯೊನಲ್ ತನ್ನ ಶೆಡ್ಡಿನ ಬಾಗಿಲಿಗೆ ಒಂದು ಬಿಸಿಗಾಳಿಯ ಕೋಣೆ ಕಟ್ಟಿಸಿದ್ದಾನೆ. ಯಾರೇ ಒಳಗೆ ಹೋಗಬೇಕಾದರೂ ಅಲ್ಲಿ ನಿಂತು ಒಣಗಬೇಕು. ಒಣಗಿದ ಮೇಲೆ ಲಯೊನಲ್ ಒಬ್ಬೊಬ್ಬರ ತಲೆಗೂದಲಿಗೆ ಕೈ ಹಾಕಿ ನೋಡುತ್ತಾನೆ. ಅವರೆಲ್ಲ ಮ್ಯಾಗ್ನಸ್‌ನ ಹಾಗೆ ಮೀನುಗಾರರಾಗಿದ್ದವರು, ಅಪ್ಪನೂ ಅವರ ತಲೆ ಮುಟ್ಟಿದ್ದಿಲ್ಲ. ಸೋಮವಾರ ಮ್ಯಾಗ್ನಸ್‌ನ ಗಡ್ಡದ ಬುಡದಲ್ಲಿ ತೇವ ಸಿಕ್ಕಿತೆಂದು ಅವನನ್ನು ಮನೆಗೇ ಕಳಿಸಿಬಿಟ್ಟ. ರಾತ್ರಿ ಊಟಕ್ಕೆ ನಾವು ನಾಲ್ವರೂ ಒಂದೇ ಮೇಜಿಗೆ ಕೂತಿದ್ದೆವು. ಮ್ಯಾಗ್ನಸ್ ಆಲೂಗಡ್ಡೆ ಕಡೆ ನೋಡುತ್ತಾ ಹೇಳಿದ: “ಇಪ್ಪತ್ತು ವರ್ಷ ಸಮುದ್ರದ ಮೇಲಿದ್ದೆ. ನೀನು ಒದ್ದೆಯಾಗಿದೀಯ ಅಂತ ಯಾವ ಸಮುದ್ರನೂ ನನ್ನನ್ನ ಮನೆಗೆ ಕಳಿಸಿರ್ಲಿಲ್ಲ.” ಲಯೊನಲ್ ಉಪ್ಪಿನ ಡಬ್ಬಿ ದಾಟಿಸಿದ. ಡೇವಿನಾ ಕೆಮ್ಮಿದಳು, ಅದು ನಗು ಅಂತ ನನಗೆ ಗೊತ್ತು.

ಮರುದಿನ ಅವಳು ನನ್ನನ್ನು ಹಿಡಿದು ಕೂರಿಸಿ ಕೇಳಿದಳು, “ನಿನ್ನ ಗಂಡನ ಕಾಲು ಯಾರು ತೊಳೆದ್ರು?” ಯಾರೂ ತೊಳೆದಿಲ್ಲ ಅಂದೆ. ಅವಳು ಅಪ್ರನ್ ತೆಗೆದು ಪಕ್ಕಕ್ಕಿಟ್ಟಳು, ಸಾವಿನ ಸುದ್ದಿ ಕೇಳಿದವಳ ಹಾಗೆ. ಇಲ್ಲಿ ಮದುವೆಗೆ ಮುಂಚೆ ಗಂಡಿನ ಜೊತೆಯ ಕೆಲಸಗಾರರು ಅವನನ್ನು ತೊಟ್ಟಿಯಲ್ಲಿ ಕೂರಿಸಿ, ಕಾಲಿಗೆ ಮಸಿ, ಕಾಕಂಬಿ, ಬೂಟು ಪಾಲಿಶ್ ಎಲ್ಲ ಬಳಿದು, ತಿಕ್ಕಿ ತೊಳೆದು, ಮತ್ತೆ ಬಳಿದು, ಮತ್ತೆ ತೊಳೆಯುತ್ತಾರಂತೆ. ಅದೂ ಎಲ್ಲರೂ ನೋಡುವಂತೆ, ಕೆಲಸದ ಅಂಗಳದಲ್ಲಿ. ಕಾಲು ತೊಳೆಸಿಕೊಳ್ಳದವನನ್ನು ಮದುವೆಯಾದವನೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಮ್ಯಾಗ್ನಸ್‌ನ ಗುಂಪು ಲಯೊನಲ್‌ನನ್ನು ‘ಮರಿ’ ಎಂದು ಕರೆಯುವುದು. ಅವನು ಈ ಕೊಳವೆಯ ಕೀಲು ಸರಿಯಿಲ್ಲ, ಬಿಚ್ಚಿ ಮತ್ತೆ ಬಿಗಿಯಿರಿ ಅಂದರೆ “ಆಗ್ಲಿ ಮರಿ” ಎಂದು ಹೇಳಿ ಸಿಗರೇಟು ಸೇದಲು ಹೋಗುತ್ತಾರೆ. ಕೀಲು ಹಾಗೇ ಉಳಿಯುತ್ತದೆ. ಹೀಗಾದರೆ ಕ್ರಿಸ್‌ಮಸ್‌ಗೆ ಸುತ್ತು ಸೋರುವುದು ಗ್ಯಾರಂಟಿ.

ಕಾಲು ತಾನೇ, ತೊಳೆಸಿಕೋ ಅಂದೆ. ಲಯೊನಲ್ ಬಿಳಿಚಿಕೊಂಡ. ಶೆಡ್ಡಿನ ಕಣ್ಣಳತೆಯಲ್ಲಿ ಒಂದು ಲೋಟ ನೀರನ್ನೂ ತಾನು ಬಿಡುವುದಿಲ್ಲ, ಕ್ರಿಸ್‌ಮಸ್ ಕಳೆದ ಮೇಲೆ ಬೇಕಾದರೆ ತನ್ನನ್ನು ಸಮುದ್ರದಲ್ಲೇ ಅದ್ದಲಿ ಅಂದ. ಯಾಕೆಂದು ಕೇಳಿದರೆ, ಸಹಿ ಹಾಕಿದ್ದೇನೆ ಹೆಸ್ಟರ್, ಅಂದ. ನಿದ್ದೆಯಲ್ಲೂ ‘ಸೂರು ಸೋರುತ್ತಿದೆ’ ಎಂದು ಕನವರಿಸುತ್ತಾನೆ.

ಇದರಿಂದ ನನ್ನ ಸುಖಕ್ಕೇನೂ ಕಡಿಮೆಯಾಗಿಲ್ಲ. ನಿನ್ನೆ ಸ್ವಲ್ಪ ಅತ್ತೆ, ಅದು ಈರುಳ್ಳಿಯಿಂದ.

ನಿಮ್ಮ,
ಹೆಸ್ಟರ್


ವಾರಿಂಗ್‌ಟನ್
29 ಸೆಪ್ಟೆಂಬರ್ 1957

ಹೆಸ್ಟರ್,

ಈರುಳ್ಳಿಯ ಮಾತು ಬಿಡು. ನೀನು ಏಳು ವರ್ಷದವಳಿದ್ದಾಗಿನಿಂದ ನಿನ್ನನ್ನು ಸಾಕಿದವಳು ನಾನು.

ವಿಷಯ ಸ್ಪಷ್ಟವಾಗಿದೆ. ಟೀ ಬೇಡ, ಒದ್ದೆ ಕೈ ಬೇಡ, ಮಳೆ ಬೇಡ, ಬೇರೆಯವರ ಗಡ್ಡದ ತೇವವೂ ಬೇಡ, ಒಂದು ಲೋಟ ನೀರಿನ ಮಾತೆತ್ತಿದರೆ ಮುಖ ಬಿಳಿಚುತ್ತದೆ. 1931ರಲ್ಲಿ ನಮ್ಮ ಶಾಲೆಯ ತೋಟಗಾರನಿಗೆ ನಾಯಿ ಕಚ್ಚಿದಾಗ ಇದೇ ಲಕ್ಷಣಗಳಿದ್ದವು. ನಿನ್ನ ಗಂಡನಿಗೆ ನಾಯಿ ಕಚ್ಚಿದ ನೆನಪಿದೆಯೇ ಕೇಳು. ಕಚ್ಚಿಲ್ಲ ಎಂದರೆ ಕಾಯಿಲೆ ಮನಸ್ಸಿನದು, ಮದುವೆಗೆ ಮುಂಚೆ ನಮ್ಮ ಮನೆಗೆ ಬರುತ್ತಿದ್ದಾಗ ಇದೇನೂ ಇರಲಿಲ್ಲ.

ನೀನು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಆದ್ದರಿಂದ ನಾನೇ ಮಿಸ್ಟರ್ ಗಾರ್ಸೈಡ್ ಅವರಿಗೆ ಪತ್ರ ಬರೆದಿದ್ದೇನೆ. ನಿಮ್ಮ ಎಂಜಿನಿಯರ್ ಲಯೊನಲ್ ಹಿಕ್ಸ್ ನೀರನ್ನು ಕಂಡರೆ ಮಿತಿಮೀರಿ ಹೆದರುತ್ತಾನೆ, ಒಂದು ಹನಿಯನ್ನೂ ಹತ್ತಿರ ಸೇರಿಸುವುದಿಲ್ಲ, ಈ ಭಯದಿಂದ ಮನೆಯವರಿಗೂ ಕೆಲಸದವರಿಗೂ ಜೀವ ಸಾಕಾಗಿದೆ, ಅವನನ್ನು ವೈದ್ಯರಿಗೆ ತೋರಿಸಿ ಮನೆಗೆ ಕಳಿಸುವುದು ಉತ್ತಮ ಎಂದು ತಿಳಿಸಿದ್ದೇನೆ. ಲಕ್ಷಣಗಳನ್ನೆಲ್ಲ ಕ್ರಮವಾಗಿ ಕೊಟ್ಟಿದ್ದೇನೆ.

ಕೃತಜ್ಞತೆ ಬೇಡ. ಮಹಡಿಯ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ.

ಯೂನಿಸ್ ಎಂಟ್‌ವಿಸಲ್


ಥರ್ಸೊ
3 ಅಕ್ಟೋಬರ್ 1957

ದೊಡ್ಡಮ್ಮ,

ನೀವು ಏನು ಮಾಡಿಬಿಟ್ಟಿರಿ? ನನ್ನನ್ನು ಒಂದು ಮಾತು ಕೇಳಬಹುದಿತ್ತು.

ನಿಮ್ಮ ಪತ್ರ ಇವತ್ತು ಬಂತು. ಶನಿವಾರವೇ ನನಗೆ ಎಲ್ಲವೂ ಗೊತ್ತಾಗಿತ್ತು. ಊರಿನವರ ಹೆದರಿಕೆ ಕಳೆಯಲೆಂದು ಮಿಸ್ಟರ್ ಗಾರ್ಸೈಡ್ ಹೆಂಗಸರನ್ನೆಲ್ಲ ಟೌನ್ ಹಾಲಿಗೆ ಕರೆದಿದ್ದರು. ಈಗ ಗುಟ್ಟೇನೂ ಇಲ್ಲ, ಪಾದ್ರಿಯ ಹೆಂಡತಿಗೂ ಹೇಳಿದ್ದಾರೆ. ರಿಯಾಕ್ಟರ್‌ನೊಳಗಿನ ಶಾಖವನ್ನು ಹೊರಗೆ ತರಲು ಬೇರೆ ಕಡೆ ನೀರನ್ನೋ ಗಾಳಿಯನ್ನೋ ಹಾಯಿಸುತ್ತಾರಂತೆ. ಇಲ್ಲಿ ಹಾಯಿಸುವುದು ಸೋಡಿಯಂ ಎಂಬ ಲೋಹವನ್ನು. ಕಾಯಿಸಿದರೆ ಹಾಲಿನ ಹಾಗೆ ಹರಿಯುತ್ತದೆ, ಬೆಳ್ಳಿಯ ಬಣ್ಣ. ಪ್ರಪಂಚದಲ್ಲಿ ಇದನ್ನು ಮಾಡಿದವರು ಬೆರಳೆಣಿಕೆಯಷ್ಟು ಜನ. ಆ ಲೋಹಕ್ಕೆ ಒಂದೇ ಒಂದು ಶತ್ರು.

ಮಿಸ್ಟರ್ ಗಾರ್ಸೈಡ್ ಬಟಾಣಿಯಷ್ಟು ಸೋಡಿಯಂ ತೆಗೆದು ನೀರಿನ ಬೋಗುಣಿಗೆ ಹಾಕಿದರು. ಅದು ಹುಚ್ಚು ಹಿಡಿದ ದುಂಬಿಯ ಹಾಗೆ ನೀರಿನ ಮೇಲೆ ಸುತ್ತಿತು, ಹತ್ತಿಕೊಂಡಿತು, ಆಮೇಲೆ ಢಂ ಅಂದಿತು. ಮುಂದಿನ ಸಾಲಿನಲ್ಲಿದ್ದ ಪಾದ್ರಿಯ ಹೆಂಡತಿಯ ಟೋಪಿಯ ಗರಿ ಸುಟ್ಟಿತು. ಬಟಾಣಿಯಷ್ಟಕ್ಕೆ ಹೀಗೆ. ಲಯೊನಲ್‌ನ ಶೆಡ್ಡಿನಲ್ಲಿ ಅದು ಟನ್ನುಗಟ್ಟಲೆ ಇದೆ, ಇದು ದಿನಾ ಮಳೆ ಸುರಿಯುವ ಕೇತ್‌ನೆಸ್, ಕೆಲಸದವರ ಗಡ್ಡದಿಂದ ಮಳೆನೀರು ತೊಟ್ಟಿಕ್ಕುತ್ತಿರುತ್ತದೆ. ನನ್ನ ಗಂಡನಿಗೆ ಕಾಯಿಲೆಯಿಲ್ಲ. ಅಲ್ಲಿ ಎಲ್ಲರ ಜೀವ ಕಾಯುತ್ತಿರುವವನು ಅವನು.

ಅವನ ಮೇಲಧಿಕಾರಿಗೆ ನೀವು ಅವನನ್ನು ಹುಚ್ಚನೆಂದು ಬರೆದಿದ್ದೀರಿ. ಲಯೊನಲ್‌ಗೆ ನಾನಿನ್ನೂ ಹೇಳಿಲ್ಲ, ಹೇಗೆ ಹೇಳಲಿ? ದಯವಿಟ್ಟು ಸರಿಪಡಿಸಿ.

ಹೆಸ್ಟರ್


ವಾರಿಂಗ್‌ಟನ್
7 ಅಕ್ಟೋಬರ್ 1957

ಹೆಸ್ಟರ್,

ಸರಿಪಡಿಸಿದ್ದೇನೆ. ಆಯುಷ್ಯವಿಡೀ ಮಾಡಿದ ಕೆಲಸವೇ ಅದು.

ಸೋಡಿಯಂ ಬಗ್ಗೆ ವಿಶ್ವಕೋಶದಲ್ಲಿ ಓದಿದೆ, ನೀನು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿದೆ. ಆದರೆ ಮೇಲಧಿಕಾರಿಗೆ ಬೇಕಾಗಿರುವುದು ವಿಜ್ಞಾನವಲ್ಲ, ಧೈರ್ಯವಂತ ಗಂಡಸು. ಆದ್ದರಿಂದ ನನ್ನ ಹಿಂದಿನ ಪತ್ರವನ್ನು ಪೂರ್ತಿ ವಾಪಸು ಪಡೆದು ಹೀಗೆ ಬರೆದಿದ್ದೇನೆ: “ಲಯೊನಲ್ ಹಿಕ್ಸ್ ನೀರಿಗೆ ಲವಲೇಶವೂ ಹೆದರುವವನಲ್ಲ. ನನ್ನ ತಂಗಿಯ ಮಗಳ ಹಿಂದೆ ಓಡಾಡುತ್ತಿದ್ದ ದಿನಗಳಲ್ಲಿ ಬೂಟು ಸಮೇತ ಕಾಲುವೆಗೆ ಹಾರಿ ಬೆಕ್ಕನ್ನು ಎತ್ತಿದ್ದಾನೆ. ಎಂಥ ಮಳೆಯಲ್ಲೂ ನೆನೆದುಕೊಂಡೇ ನಮ್ಮ ಮನೆಗೆ ಬಂದು, ನೀರು ತೊಟ್ಟಿಕ್ಕುತ್ತಲೇ ನನ್ನ ಕುರ್ಚಿಯ ಮೇಲೆ ಕೂರುತ್ತಿದ್ದ. ಟೀ ತುಂಬಿದ ಫ್ಲಾಸ್ಕ್ ಅವನ ಕೋಟಿನ ಜೇಬಿನಲ್ಲಿ ಸದಾ ಇರುತ್ತದೆ. ನೀರಿನೊಂದಿಗೆ ಇಷ್ಟು ಸಲಿಗೆಯಿಂದ ಇರುವ ಇನ್ನೊಬ್ಬ ಎಂಜಿನಿಯರ್ ನಿಮಗೆ ಸಿಗಲಾರ.”

ಫ್ಲಾಸ್ಕ್ ವಿಷಯ ಸುಳ್ಳು. ನಾನು ಸುಳ್ಳು ಹೇಳುವವಳಲ್ಲ, ನಿನಗಾಗಿ ಹೇಳಿದೆ.

ಯೂನಿಸ್ ಎಂಟ್‌ವಿಸಲ್


ಥರ್ಸೊ
27 ಅಕ್ಟೋಬರ್ 1957

ದೊಡ್ಡಮ್ಮ, ನನ್ನ ಪ್ರೀತಿಯ, ಭಯಂಕರ ದೊಡ್ಡಮ್ಮ,

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟಿತ್ತು, ಆಮೇಲೆ ಸಮಯವಿರಲಿಲ್ಲ, ಕೊನೆಗೆ ನಗು ನಿಲ್ಲುತ್ತಿರಲಿಲ್ಲ. ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಮೊದಲ ಪತ್ರ ತಲುಪಿದ ದಿನ ಮಿಸ್ಟರ್ ಗಾರ್ಸೈಡ್ ಲಯೊನಲ್‌ನನ್ನು ಕರೆಸಿದರು. ಬೆಳಿಗ್ಗೆಯಷ್ಟೇ ನಾನು ಅವನಿಗೆ ಎಲ್ಲ ಹೇಳಿದ್ದೆ. ಪೆಟ್ಟಿಗೆ ಕಟ್ಟುವುದೊಂದೇ ಬಾಕಿ ಎಂದುಕೊಂಡು ಹೋದ. ಗಾರ್ಸೈಡ್ ಪತ್ರವನ್ನು ಪೂರ್ತಿ ಗಟ್ಟಿಯಾಗಿ ಓದಿ, ಎದ್ದು ಬಂದು ಲಯೊನಲ್‌ನ ಕೈ ಕುಲುಕಿದರಂತೆ. “ಹತ್ತು ಜನ ಎಂಜಿನಿಯರ್‌ಗಳ ಶಿಫಾರಸು ಪತ್ರ ಓದಿದೀನಿ ಕಣಯ್ಯಾ. ಎಲ್ಲರೂ ಧೈರ್ಯಶಾಲಿಗಳೇ. ನೀರು ಕಂಡ್ರೆ ಜೀವ ಹೋದ ಹಾಗೆ ಹೆದರೋನು ಒಬ್ಬನೂ ಸಿಕ್ಕಿರ್ಲಿಲ್ಲ.” ಕೊಳವೆಗಳ ಸುತ್ತಿನೊಳಗೆ ಸೋಡಿಯಂ ತುಂಬುವ ಪೂರ್ತಿ ಜವಾಬ್ದಾರಿಯನ್ನು ಅಲ್ಲೇ ಅವನಿಗೆ ವಹಿಸಿದರು. ನಾವಿಬ್ಬರೂ ಆ ಸಂಜೆ ಖಾಲಿ ಮನೆಯ ಮುಂದೆ ನಿಂತು ಚಿಮಣಿಯ ಮೇಲಿನ ಕಡಲ ಹಕ್ಕಿಗೆ ನಮಸ್ಕಾರ ಹೇಳಿ ಬಂದೆವು.

ಆಮೇಲೆ ನಿಮ್ಮ ಎರಡನೆಯ ಪತ್ರ ತಲುಪಿತು.

ಮತ್ತೆ ಕರೆ ಬಂತು. ಈ ಸಲ ಗಾರ್ಸೈಡ್ ಕೈ ಕುಲುಕಲಿಲ್ಲ, ಕೋಟಿನ ಜೇಬುಗಳನ್ನು ಹೊರಗೆಳೆದು ತೋರಿಸಲು ಹೇಳಿದರು. ಕಾಲುವೆಗೆ ಹಾರಿದ್ದು ನಿಜವೇ ಎಂದು ಕೇಳಿದರು. ನಿಜ ಎಂದ, ಮೇಲಧಿಕಾರಿಯ ಮುಂದೆ ಅವನಿಗೆ ಸುಳ್ಳು ಬರುವುದಿಲ್ಲ. ಬೂಟು ಸಮೇತವೇ? ಹೌದು. ಬೆಕ್ಕಿಗೋಸ್ಕರ ಹಾರುವವನು ಇನ್ನು ಯಾವುದಕ್ಕಾದರೂ ಹಾರಬಹುದು, ಯೋಚಿಸಿ ಹೇಳುತ್ತೇನೆ, ಅಲ್ಲಿಯವರೆಗೆ ಶೆಡ್ಡಿಗೆ ಹೋಗಬೇಡ ಎಂದರು.

ಮನೆಗೆ ಬಂದ ಲಯೊನಲ್ ಪೀಟ್ ಶೆಡ್ಡಿಗೂ ಹೋಗದೆ ನೇರ ಮಲಗುವ ಕೋಣೆಗೆ ಹೋಗಿ ರೈಲಿನ ವೇಳಾಪಟ್ಟಿ ತೆಗೆದ. ನಾನು ನಿಮಗೆ ಒಂದು ಪತ್ರ ಬರೆದು ಹರಿದೆ. ಅದರಲ್ಲೇನಿತ್ತು ಎಂದು ಕೇಳಬೇಡಿ.

ಮರುದಿನ ಗಾರ್ಸೈಡ್ ತಾವೇ ಶೆಡ್ಡಿಗೆ ಹೋಗಿ, ಬಿಸಿಗಾಳಿಯಲ್ಲಿ ಒಣಗಿ, ಮ್ಯಾಗ್ನಸ್‌ನ ಗುಂಪನ್ನೆಲ್ಲ ಸೇರಿಸಿ, ಹಿಕ್ಸ್ ಬಗ್ಗೆ ನಿಮ್ಮ ಅಭಿಪ್ರಾಯವೇನು, ಮುಚ್ಚುಮರೆಯಿಲ್ಲದೆ ಹೇಳಿ ಎಂದರಂತೆ. ಇದನ್ನು ಮ್ಯಾಗ್ನಸ್ಸೇ ಊಟದ ಮೇಜಿನಲ್ಲಿ ಹೇಳಿದ್ದು. ಅವರಿಗೆ ಇಂಥ ಹಬ್ಬ ಯಾವಾಗ ಸಿಕ್ಕಿತ್ತು? ಒಬ್ಬ, ತನ್ನ ಮಧ್ಯಾಹ್ನದ ಸೂಪನ್ನು ಲಯೊನಲ್ ಹೊರಗಿನ ಚರಂಡಿಗೆ ಚೆಲ್ಲಿಸಿದ ಕಥೆ ಹೇಳಿದ. ಇನ್ನೊಬ್ಬ ಹೇಳಿದ, ನೆಗಡಿಯಾಗಿದೆಯೆಂದು ವಾರವಿಡೀ ನನ್ನನ್ನು ಒಳಗೇ ಬಿಟ್ಟಿಲ್ಲ, ಮೂಗು ಸೋರುವವನು ಶೆಡ್ಡಿಗೆ ಅಪಾಯವಂತೆ. ಮ್ಯಾಗ್ನಸ್ ಗಡ್ಡದ ಕಥೆ ಹೇಳಿದ. ಆಮೇಲೆ ಎಲ್ಲರೂ ಸೇರಿ ನನಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಸೆಪ್ಟೆಂಬರ್ ಕೊನೆಯಲ್ಲಿ ಅವರು ತೊಟ್ಟಿ, ನೀರು, ಮಸಿಯೊಂದಿಗೆ ಅಂಗಳದಲ್ಲಿ ಕಾದಿದ್ದರಂತೆ. ಲಯೊನಲ್ ಓಡಿಹೋಗಿ ಉಕ್ಕಿನ ಗುಂಡಿನ ಸಾರುವೆ ಹತ್ತಿ ತುದಿಯಲ್ಲಿ ಕೂತನಂತೆ. ಕೆಳಗೆ ಇವರು ತೊಟ್ಟಿ ಹಿಡಿದುಕೊಂಡು ನಿಂತರು, ಮೇಲೆ ಅವನು ಛತ್ರಿ ಹಿಡಿದುಕೊಂಡು ಕೂತ. ಅವರು ನೀರು ಚೆಲ್ಲುವವರೆಗೂ ಇಳಿಯಲಿಲ್ಲ. ನನ್ನ ಹತ್ತಿರ ಮಾತ್ರ, ಸಾರುವೆಯ ತಪಾಸಣೆಯಿತ್ತು, ತಡವಾಯಿತು ಅಂದಿದ್ದ.

“ನಾವು ಬೈದಷ್ಟೂ ಗಾರ್ಸೈಡ್ ಮುಖ ಅರಳ್ತಾ ಹೋಯ್ತು,” ಅಂದ ಮ್ಯಾಗ್ನಸ್. “ಏನೋ ಎಡವಟ್ಟಾಗ್ತಿದೆ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಆ ನೆಗಡಿ ನನ್ಮಗ ಎರಡನೇ ಸಲ ಶುರು ಮಾಡಿದ್ದ.”

ಡೇವಿನಾ ಕೇಳಿದಳು, “ಕೊನೇಗೆ ಏನಂದ್ರು?”

“‘ಥ್ಯಾಂಕ್ಯೂ, ಇದಕ್ಕಿಂತ ಒಳ್ಳೆ ಮಾತು ಯಾರೂ ಹೇಳಕ್ಕಾಗಲ್ಲ’ ಅಂದು ಹೋದ್ರು.” ಮ್ಯಾಗ್ನಸ್ ಲಯೊನಲ್ ಕಡೆ ತಿರುಗಿದ. “ಬೈದೂ ಬೈದೂ ನಿನ್ನ ಕೆಲಸ ನಾವೇ ಉಳಿಸಿಬಿಟ್ವಲ್ಲೋ ಮರಿ. ಈಗಾದ್ರೂ ಕಾಲು ಕೊಡು.”

ಲಯೊನಲ್ ಫೋರ್ಕ್ ಕೆಳಗಿಟ್ಟ. ಅವನು ಇಷ್ಟು ಗಂಭೀರವಾಗಿ ಮಾತಾಡಿದ್ದು ಚರ್ಚಿನಲ್ಲಿ ನನ್ನನ್ನು ಒಪ್ಪಿಕೊಂಡಾಗ ಮಾತ್ರ. “ನೀರಿಲ್ದೆ ತೊಳೀತೀರಾದ್ರೆ ಕೊಡ್ತೀನಿ.”

ನೀರಿಲ್ಲದೆ ಹೇಗೆ ತೊಳೆಯುವುದು? ದೊಡ್ಡಮ್ಮ, ಆಗ ಮಾತಾಡಿದವಳು ನಾನು. ಕೊಳವೆಗೆ ಅಂಟಿದ ಸೋಡಿಯಂ ಚೂರನ್ನು ನೀರಿನಿಂದಲ್ಲ, ಸ್ಪಿರಿಟ್‌ನಿಂದ ತೊಳೆಯುತ್ತಾರೆ ಎಂದು ಟೌನ್ ಹಾಲಿನಲ್ಲಿ ಹೇಳಿದ್ದರಲ್ಲ, ಕಾಲನ್ನೂ ಹಾಗೇ ತೊಳೆಯಿರಿ ಅಂದೆ. ಮ್ಯಾಗ್ನಸ್ ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಡೇವಿನಾ, “ನೋಡಿದ್ಯಾ, ಹುಡುಗಿಗೆ ತಲೆ ಇದೆ, ಬರೀ ನಗ್ತಾ ಇರ್ತಾಳೆ ಅಷ್ಟೆ” ಅಂದಳು.

ಮನೆಯ ಒಲೆ ಹಚ್ಚಲು ಬಳಸುವ ನೇರಳೆ ಸ್ಪಿರಿಟ್ ಥರ್ಸೊದ ಅಂಗಡಿಗಳಲ್ಲಿ ಎಷ್ಟಿತ್ತೋ ಅಷ್ಟನ್ನೂ ನಾನೂ ಡೇವಿನಾಳೂ ತಂದೆವು. ಅಟಾಮಿಕ್‌ಗಳು ಕುಡಿಯುವುದು ಇದನ್ನೇ ಎಂದು ಊರಿಡೀ ಸುದ್ದಿ. ನಿನ್ನೆ ಶನಿವಾರ, ಕೆಲಸ ಮುಗಿದ ಮೇಲೆ, ಅಂಗಳದಲ್ಲಿ, ಒಬ್ಬನೂ ಸಿಗರೇಟು ಹಚ್ಚದಂತೆ ಮ್ಯಾಗ್ನಸ್ ಕಾವಲು ನಿಂತು, ನನ್ನ ಲಯೊನಲ್‌ನ ಕಾಲಿಗೆ ಬೂಟು ಪಾಲಿಶ್ ಬಳಿದು ಸ್ಪಿರಿಟ್‌ನಲ್ಲಿ ತೊಳೆದರು, ಮತ್ತೆ ಬಳಿದರು, ಮತ್ತೆ ತೊಳೆದರು. ಕಚಗುಳಿಗೆ ಅವನು ಕೂಗಿದ್ದು ಸಮುದ್ರದಾಚೆ ಕೇಳಿರಬೇಕು. ಗಾರ್ಸೈಡ್ ಬಂದು ಒಂದು ಪಾದವನ್ನು ತಾವೇ ಉಜ್ಜಿದರು. ಈಗ ನನ್ನ ಗಂಡನ ಕಾಲುಗಳು ಮೊಣಕಾಲಿನವರೆಗೆ ತಿಳಿ ನೇರಳೆ. ಇಷ್ಟು ಸುಂದರ ಕಾಲುಗಳು ಬ್ರಿಟನ್ನಿನಲ್ಲಿ ಬೇರೆ ಯಾರಿಗೂ ಇಲ್ಲ.

ಸೋಮವಾರದಿಂದ ಕೀಲುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬಿಗಿಯುತ್ತಾರಂತೆ. ಲಯೊನಲ್ ಕೇಳುವ ಮೊದಲೇ ಮ್ಯಾಗ್ನಸ್ ಹೇಳಿದ.

ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಮೂರನೆಯ ಪತ್ರ ಬರೆಯಬೇಡಿ.

ನಿಮ್ಮ,
ಹೆಸ್ಟರ್


ಥರ್ಸೊ
1 ಡಿಸೆಂಬರ್ 1957

ಪ್ರೀತಿಯ ದೊಡ್ಡಮ್ಮ,

ಗುರುವಾರ ಸೋಡಿಯಂ ತುಂಬಿದರು.

ಅವತ್ತು ಎಂಥ ಮಳೆ ಅಂತೀರಿ, ಕಡಲೇ ಎದ್ದು ಊರೊಳಗೆ ಬಂದ ಹಾಗೆ. ಮ್ಯಾಗ್ನಸ್ ಗಡ್ಡ ಬೋಳಿಸಿಕೊಂಡು ಹೋಗಿದ್ದ. ಯಾರೂ ಹೇಳಿರಲಿಲ್ಲ, ಅವನೇ ಬೋಳಿಸಿಕೊಂಡದ್ದು. ಡೇವಿನಾ ಅವನ ಗಲ್ಲವನ್ನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಬಾಗಿಲಲ್ಲಿ ನಿಂತು, “ಇಷ್ಟು ವರ್ಷ ಇದನ್ನೇ ಬಚ್ಚಿಟ್ಟಿದ್ದಾ” ಎಂದಷ್ಟೇ ಹೇಳಿ ಒಳಗೆ ಹೋದಳು. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಇಸ್ಪೀಟು ಆಡಿದೆವು. ಇಬ್ಬರೂ ಸೋತೆವು, ಯಾರೂ ಗೆಲ್ಲಲಿಲ್ಲ, ಎಲೆಗಳ ಕಡೆ ಗಮನವೇ ಇರಲಿಲ್ಲ. ಕಿಟಕಿ ಅಲುಗಿದಾಗಲೆಲ್ಲ ನಾನು ಎದ್ದು ಹೊರಗೆ ನೋಡುತ್ತಿದ್ದೆ. ಟೌನ್ ಹಾಲಿನ ಬೋಗುಣಿ ಕಣ್ಣ ಮುಂದೆ. ದೊಡ್ಡಮ್ಮ, ಆಗ ನನಗೆ ಮನೆ ಬೇಕಿರಲಿಲ್ಲ, ಕಿಟಕಿಯೂ ಬೇಕಿರಲಿಲ್ಲ. ಆ ಇಬ್ಬರು ಗಂಡಸರು ಬಾಗಿಲಿನಿಂದ ಒಳಗೆ ಬಂದರೆ ಸಾಕಿತ್ತು.

ಬಂದರು, ಕತ್ತಲಾದ ಮೇಲೆ. ಲಯೊನಲ್ ಹೇಳಿದ್ದು ಇಷ್ಟೇ: ಕೊಳವೆಗಳನ್ನೆಲ್ಲ ಮೊದಲು ಕಾಯಿಸಿದರು, ಆಮೇಲೆ ಕರಗಿದ ಸೋಡಿಯಂ ಒಳಗೆ ಬಿಟ್ಟರು, ಅದು ಸದ್ದಿಲ್ಲದೆ ಸುತ್ತು ಹಾಕಿತು. ಒಂದು ಕೀಲಿನಲ್ಲಿಯೂ ಹೊಗೆಯಿಲ್ಲ. ಮಳೆ ಸೂರಿನ ಮೇಲೆ ಬಡಿಯುತ್ತಿದ್ದರೆ ಎಲ್ಲರೂ ಆ ಕೊಳವೆಗಳನ್ನೇ ನೋಡುತ್ತಿದ್ದರಂತೆ. ಆಮೇಲೆ ಒಬ್ಬ ಅತ್ತುಬಿಟ್ಟ. ಲಯೊನಲ್ ತಕ್ಷಣ ಅವನನ್ನು ಹೊರಗೆ ಕಳಿಸಿದ, ಕಣ್ಣೀರೂ ನೀರೇ ತಾನೇ. ಯಾರು ಅತ್ತದ್ದು ಎಂದು ಕೇಳಿದೆ. ಮ್ಯಾಗ್ನಸ್ ಎದ್ದು ಕೋಳಿಗಳನ್ನು ನೋಡಿ ಬರುತ್ತೇನೆಂದು ಹಿತ್ತಲಿಗೆ ಹೋದ.

ಆ ರಾತ್ರಿ ನನ್ನ ಗಂಡ ಕೆಟಲ್ ತುಂಬ ಟೀ ಕುಡಿದ. ಹೊಸ ಮನೆಯ ಬೀಗದ ಕೈ ಶುಕ್ರವಾರ ಸಿಕ್ಕಿತು. ನಾವು ಇನ್ನೂ ಮೇಜು ಕುರ್ಚಿಯಿಲ್ಲದೆ ನೆಲದ ಮೇಲೆ ಕೂತಿದ್ದೇವೆ, ಮೂರು ಕೋಣೆಯಲ್ಲೂ ಸರದಿಯ ಪ್ರಕಾರ. ಆರ್ಕ್ನಿ ಮಾತ್ರ ಮಂಜಿನಲ್ಲಿ ಕಂಡಿಲ್ಲ. ಇದೆಯಂತೆ.

ನಿಮ್ಮ ಅತಿ, ಅತಿ ಸುಖಿ,
ಹೆಸ್ಟರ್


ವಾರಿಂಗ್‌ಟನ್
8 ಡಿಸೆಂಬರ್ 1957

ಹೆಸ್ಟರ್,

ಸಂತೋಷ. ಇದನ್ನು ಒಂದೇ ಸಲ ಬರೆದರೂ ಅರ್ಥವಾಗುತ್ತದೆ ಎಂದು ತೋರಿಸಲು ಒಂದೇ ಸಲ ಬರೆದಿದ್ದೇನೆ.

ಮಹಡಿಯ ಕೋಣೆಯನ್ನು ಒಬ್ಬ ಗ್ರಂಥಪಾಲಕಿಗೆ ಬಾಡಿಗೆಗೆ ಕೊಟ್ಟೆ. ಗೋಡೆಕಾಗದ ಅವಳಿಗೆ ಹಿಡಿಸಿದೆ. ನೀಲಿ ಹೂವಿನದು. ಚಿಕ್ಕಂದಿನಲ್ಲಿ ಅದೇ ಬೇಕೆಂದು ನೀನು ಹಟ ಮಾಡಿದ್ದೆ, ನಿನಗೆ ನೆನಪಿರಲಾರದು.

ಮೂರನೆಯ ಪತ್ರ ಬರೆಯಬೇಡಿ ಎಂದೆ. ಬರೆಯಲಿಲ್ಲ. ಆದರೆ ಮಿಸ್ಟರ್ ಗಾರ್ಸೈಡ್ ತಾವಾಗಿಯೇ ನನಗೆ ಬರೆದಿದ್ದಾರೆ. ಅಕ್ಷರ ದುಂಡಗಿಲ್ಲ, ಆದರೆ ಮನುಷ್ಯನಿಗೆ ವಿವೇಕವಿದೆ. ಅವರ ಮಾತುಗಳನ್ನೇ ಕೊಡುತ್ತೇನೆ: “ರಿಯಾಕ್ಟರ್‌ಗೆ ಇನ್ನೂ ಮೂವರು ಎಂಜಿನಿಯರ್‌ಗಳನ್ನು ಆರಿಸಬೇಕಾಗಿದೆ. ಎಲ್ಲರ ಬಗ್ಗೆಯೂ ಒಳ್ಳೆಯ ಮಾತುಗಳೇ ಬಂದಿವೆ, ಅವುಗಳಿಂದ ನನಗೇನೂ ತಿಳಿಯುತ್ತಿಲ್ಲ. ಅಭ್ಯರ್ಥಿಗಳನ್ನು ಊಟಕ್ಕೆ ಕರೆಯುತ್ತೇನೆ. ತಾವು ಎದುರಿಗೆ ಕುಳಿತು, ಅವರಲ್ಲಿ ತಮಗೆ ಏನೇನು ಸಹಿಸಲು ಸಾಧ್ಯವಿಲ್ಲವೋ ಅದನ್ನೆಲ್ಲ ತಮ್ಮ ಮೊದಲ ಪತ್ರದ ಶೈಲಿಯಲ್ಲಿ ಬರೆದುಕೊಡುವಿರಾ?”

ಒಪ್ಪಿಕೊಂಡಿದ್ದೇನೆ. ಅವರು ರೈಲಿನ ಟಿಕೆಟ್ ಕಳಿಸಿದ್ದಾರೆ, ಮುಂದಿನ ಮಂಗಳವಾರ ಸಂಜೆ ತಲುಪುತ್ತೇನೆ. ಆ ಮೂರು ಕೋಣೆಗಳಲ್ಲಿ ಒಂದರಿಂದ ನೀವಿಬ್ಬರೂ ಎದ್ದು ಅಲ್ಲೊಂದು ಮಂಚ ಹಾಕಿಸಿ. ಎಷ್ಟು ದಿನ ಇರುತ್ತೇನೆಂದು ಈಗಲೇ ಹೇಳಲಾರೆ. ಮೂವರು ಎಂಜಿನಿಯರ್‌ಗಳನ್ನು ಸರಿಯಾಗಿ ದ್ವೇಷಿಸಲು ಸಮಯ ಹಿಡಿಯುತ್ತದೆ.

ನಿನ್ನ ದೊಡ್ಡಮ್ಮ